ಐದು ರಾತ್ರಿಯ ಸರಣಿ, ಐದು ವರ್ಷದ ದುಡಿಮೆ

1990ರ ಸೆಪ್ಟೆಂಬರ್ 23ರಿಂದ ಸತತ ಐದು ರಾತ್ರಿ ಅಮೆರಿಕದ ಸಾರ್ವಜನಿಕ ವಾಹಿನಿ ಪಿಬಿಎಸ್ ಒಂದೇ ಸರಣಿಯನ್ನು ತೋರಿಸಿತು. ಹೆಸರು ‘ದಿ ಸಿವಿಲ್ ವಾರ್’. ಒಂಬತ್ತು ಕಂತು, ಸುಮಾರು ಹನ್ನೊಂದೂವರೆ ತಾಸು. ನೂರಿಪ್ಪತ್ತೈದು ವರ್ಷ ಹಿಂದಿನ ಯುದ್ಧ, ಅಲುಗದ ಕಪ್ಪುಬಿಳುಪು ಫೋಟೊಗಳು, ಯಾರೋ ಓದಿ ಹೇಳುವ ಹಳೆಯ ಕಾಗದಗಳು. ಬಹುಮಟ್ಟಿಗೆ ಇಷ್ಟನ್ನೇ ನೆಚ್ಚಿಕೊಂಡಿದ್ದ ಸರಣಿಯನ್ನು ಸುಮಾರು 4 ಕೋಟಿ ಜನ ನೋಡಿದರು. ಅಮೆರಿಕದ ಆ ಅಂತರ್ಯುದ್ಧ ನಡೆದದ್ದು 1861ರಿಂದ 1865ರವರೆಗೆ, ನಾಲ್ಕು ವರ್ಷ. ಅದರ ಕಥೆಯನ್ನು ತೆರೆಗೆ ತರಲು ನಿರ್ದೇಶಕ ಕೆನ್ ಬರ್ನ್ಸ್ ತಂಡಕ್ಕೆ ಐದು ವರ್ಷಕ್ಕೂ ಹೆಚ್ಚು ಹಿಡಿಯಿತು.

ಇದೇನೂ ಅಪವಾದವಲ್ಲ. ಬ್ರಿಟನ್ನಿನ ಥೇಮ್ಸ್ ಟೆಲಿವಿಷನ್ ಎರಡನೇ ಮಹಾಯುದ್ಧದ ಬಗ್ಗೆ ಮಾಡಿದ 26 ಕಂತುಗಳ ‘ದಿ ವರ್ಲ್ಡ್ ಅಟ್ ವಾರ್’ ನಾಲ್ಕು ವರ್ಷದ ಕೆಲಸ. 1973ರ ಅಕ್ಟೋಬರ್‌ನಲ್ಲಿ ಪ್ರಸಾರ ಶುರುವಾಯಿತು. ಬರ್ನ್ಸ್ ಮತ್ತು ಲಿನ್ ನೋವಿಕ್ ಸೇರಿ ಮಾಡಿದ ‘ದಿ ವಿಯೆಟ್ನಾಂ ವಾರ್’ (2017) ಹತ್ತು ಕಂತು, ಹದಿನೆಂಟು ತಾಸು. ತಗುಲಿದ ಕಾಲ ಹತ್ತು ವರ್ಷ.

ಕರ್ನಾಟಕದಲ್ಲೂ ಇಂಥ ಆಸೆ ಇಟ್ಟುಕೊಂಡವರು ಕಡಿಮೆಯಿಲ್ಲ. ಒಳ್ಳೆಯ ಕ್ಯಾಮೆರಾ ಈಗ ಕೈಗೆಟುಕುತ್ತದೆ, ಸಂಕಲನವನ್ನು ಮನೆಯ ಕಂಪ್ಯೂಟರಿನಲ್ಲೇ ಮಾಡಬಹುದು, ತೋರಿಸಲು ಯೂಟ್ಯೂಬ್ ಇದೆ. ಏಕೀಕರಣ ಚಳವಳಿ, ಈಸೂರಿನ ದಂಗೆ, ಕೆಳದಿ ಅರಸರು, ಕೋಲಾರದ ಚಿನ್ನದ ಗಣಿ ಹೀಗೆ ವಿಷಯಗಳಿಗೂ ಬರವಿಲ್ಲ. ಆದರೂ ಹೀಗೆ ಶುರುವಾಗುವ ಅನೇಕ ಸರಣಿಗಳು ಎರಡನೆಯ ಕಂತಿನ ಹೊತ್ತಿಗೆ ಏದುಸಿರು ಬಿಡುತ್ತವೆ. ಕಾಲ ಎಲ್ಲಿ ಖರ್ಚಾಗುತ್ತದೆ ಎಂಬ ಅಂದಾಜು ಮೊದಲೇ ಇಲ್ಲದಿರುವುದು ಇದಕ್ಕೆ ದೊಡ್ಡ ಕಾರಣ. ಚಿತ್ರೀಕರಣದ ದಿನಗಳು ಒಟ್ಟು ಕೆಲಸದ ಸಣ್ಣ ಪಾಲು. ಉಳಿದ ಪಾಲು ಕ್ಯಾಮೆರಾ ತೆರೆಯುವ ಮುನ್ನ ಮತ್ತು ಮುಚ್ಚಿದ ಮೇಲೆ ನಡೆಯುತ್ತದೆ. ಚರಿತ್ರೆಯ ಸರಣಿ ನಿಲ್ಲುವುದೂ ಬೀಳುವುದೂ ಅಲ್ಲಿಯೇ.

ಯಾವುದನ್ನು ಬಿಡುವುದು

‘ದಿ ವರ್ಲ್ಡ್ ಅಟ್ ವಾರ್’ ನಿರ್ಮಾಪಕ ಜೆರೆಮಿ ಐಸಾಕ್ಸ್ ಮುಂದೆ ಆರು ವರ್ಷದ ಯುದ್ಧವಿತ್ತು, ಹತ್ತಾರು ದೇಶಗಳಿದ್ದವು. ಅವರು ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ ನಿರ್ದೇಶಕ, ಇತಿಹಾಸಕಾರ ನೋಬಲ್ ಫ್ರಾಂಕ್ಲಂಡ್ ಅವರನ್ನು ಒಂದು ಪಟ್ಟಿ ಕೇಳಿದರು: ಇಡೀ ಯುದ್ಧದಲ್ಲಿ ಬಿಡಲೇಬಾರದ 15 ಕಾರ್ಯಾಚರಣೆಗಳು ಯಾವುವು? ಆ ಒಂದೊಂದಕ್ಕೂ ಒಂದೊಂದು ಕಂತು ಮೀಸಲಾಯಿತು. ಉಳಿದ ಹನ್ನೊಂದು ಕಂತುಗಳಲ್ಲಿ ಮನೆಯಲ್ಲಿದ್ದ ಜನರ ಬದುಕು, ಆಕ್ರಮಿತ ದೇಶಗಳ ಪಾಡು, ಯಹೂದಿಗಳ ನರಮೇಧ ಮುಂತಾದವು ಬಂದವು. ಭಾರತೀಯ ಸೈನಿಕರು ದೊಡ್ಡ ಸಂಖ್ಯೆಯಲ್ಲಿ ಹೋರಾಡಿದ ಬರ್ಮಾ ರಂಗಕ್ಕೂ ಒಂದು ಇಡೀ ಕಂತು ಸಿಕ್ಕಿತು. ಪಟ್ಟಿಯಲ್ಲಿ ಇರದ ಕಾಳಗ ಎಷ್ಟೇ ರೋಚಕವಾಗಿದ್ದರೂ ಅದರ ಹಿಂದೆ ಹೋಗಬೇಕಾಗಿರಲಿಲ್ಲ. ಇಂಥ ಬೇಲಿಯನ್ನು ಮೊದಲ ತಿಂಗಳಲ್ಲೇ ಹಾಕಿಕೊಳ್ಳದ ತಂಡ ಸಂಕಲನದ ಕೋಣೆಯಲ್ಲಿ ತೊಳಲಾಡುತ್ತದೆ.

ನಮ್ಮಲ್ಲಿ ಇದಕ್ಕೆ ದೊಡ್ಡ ಮಾದರಿ ದೂರದರ್ಶನದ ‘ಭಾರತ್ ಏಕ್ ಖೋಜ್’. 1988ರಲ್ಲಿ ಪ್ರಸಾರ ಆರಂಭವಾದ, ಶ್ಯಾಮ್ ಬೆನೆಗಲ್ ಅವರ ಈ 53 ಕಂತುಗಳ ಸರಣಿ ಶುದ್ಧ ಸಾಕ್ಷ್ಯಚಿತ್ರವಲ್ಲ. ನಾಟಕ, ನಿರೂಪಣೆ, ದಾಖಲೆ ಮೂರನ್ನೂ ಹೆಣೆದದ್ದು. ಐದು ಸಾವಿರ ವರ್ಷಗಳ ಚರಿತ್ರೆಯನ್ನು ಹಿಡಿದಿಡಲು ಬೆನೆಗಲ್ ಆತುಕೊಂಡದ್ದು ಒಂದೇ ಪುಸ್ತಕವನ್ನು: ನೆಹರೂ 1944ರಲ್ಲಿ ಅಹಮದ್‌ನಗರ ಕೋಟೆಯ ಸೆರೆಯಲ್ಲಿ ಬರೆದ, 1946ರಲ್ಲಿ ಪ್ರಕಟವಾದ ‘ದಿ ಡಿಸ್ಕವರಿ ಆಫ್ ಇಂಡಿಯಾ’. ರೋಶನ್ ಸೇಠ್ ನೆಹರೂ ಆಗಿ ತೆರೆಯ ಮೇಲೆ ಬಂದು ಮಾತಾಡುವುದರಿಂದ, ಇದು ಒಬ್ಬ ವ್ಯಕ್ತಿ ತನ್ನ ದೇಶವನ್ನು ಅರ್ಥ ಮಾಡಿಕೊಂಡ ಬಗೆ ಎಂಬುದು ಪ್ರೇಕ್ಷಕರಿಗೆ ಸದಾ ತಿಳಿದಿರುತ್ತದೆ. ಯಾರ ದೃಷ್ಟಿಯಿಂದ ಹೇಳಲಾಗುತ್ತಿದೆ ಎಂಬುದನ್ನು ಮುಚ್ಚಿಡದ ಈ ಏರ್ಪಾಟು ಇಂದಿಗೂ ಅನುಕರಣೀಯ. ಸರಣಿಯ ಛಾಯಾಗ್ರಾಹಕರು ಮೈಸೂರಿನವರೇ ಆದ ವಿ.ಕೆ. ಮೂರ್ತಿ. ಗುರುದತ್ತರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಬೆಳಕಿನೊಂದಿಗೆ ಆಡಿದ ಆ ಕೈ ಇಲ್ಲಿ ವಿಜಯನಗರವನ್ನೂ ಟಿಪ್ಪುವಿನ ಕಾಲವನ್ನೂ ಸ್ಟುಡಿಯೊದೊಳಗೆ ಮೂಡಿಸಿತು.

ಹೊಸಬರಿಗೆ ಇಲ್ಲಿಂದ ದೊರೆಯುವ ಮೊದಲ ಕೆಲಸ ಬರವಣಿಗೆಯದು. ಸರಣಿ ಕೇಳುವ ಮುಖ್ಯ ಪ್ರಶ್ನೆ ಒಂದು ವಾಕ್ಯದಲ್ಲಿರಲಿ. ಒಂದೊಂದು ಕಂತಿಗೂ ಅರ್ಧ ಪುಟ ಮೀರದ ಟಿಪ್ಪಣಿ ಇರಲಿ: ಎಲ್ಲಿ ಶುರು, ಎಲ್ಲಿ ಕೊನೆ, ಯಾರ ಮೂಲಕ ಕಥೆ, ಯಾವ ದಾಖಲೆಯ ಆಧಾರ. ‘ಕರ್ನಾಟಕ ಏಕೀಕರಣ’ ಎಂಬುದು ವಿಷಯ ಮಾತ್ರ. ‘ಐದು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರು 1956ರ ನವೆಂಬರ್ 1ರಂದು ಒಂದು ರಾಜ್ಯವಾಗಲು ಯಾರು ಯಾವ ಬೆಲೆ ತೆತ್ತರು, ಯಾರು ಹೊರಗುಳಿದರು’ ಎಂದು ಕೇಳಿದರೆ ಅದು ಸರಣಿ. ಕಾಸರಗೋಡು, ಸೊಲ್ಲಾಪುರ, ಅಕ್ಕಲಕೋಟೆಗಳಿಗೆ ಯಾಕೆ ಹೋಗಬೇಕು ಎಂಬುದು ಆ ಪ್ರಶ್ನೆಯೊಳಗೇ ಇದೆ.

ಹ್ಯಾಂಪ್ಟನ್ ನಡೆಸಿದ ಶಾಲೆ

ತಯಾರಿಯ ವಿಷಯದಲ್ಲಿ ಹೆನ್ರಿ ಹ್ಯಾಂಪ್ಟನ್ ಅವರಷ್ಟು ಕಲಿಸಬಲ್ಲವರು ವಿರಳ. ಅಮೆರಿಕದ ಕರಿಯರ ನಾಗರಿಕ ಹಕ್ಕುಗಳ ಹೋರಾಟ ಕುರಿತ ‘ಐಸ್ ಆನ್ ದಿ ಪ್ರೈಸ್’ ಅವರ ಸರಣಿ. 1965ರಲ್ಲಿ ಅಲಬಾಮಾದ ಸೆಲ್ಮಾ ಮೆರವಣಿಗೆಯಲ್ಲಿ ಅವರೂ ಇದ್ದರು. ಪೋಲಿಯೊದಿಂದ ಒಂದು ಕಾಲು ಸೋತಿತ್ತು. 1968ರಲ್ಲಿ ಬಾಸ್ಟನ್ನಿನಲ್ಲಿ ‘ಬ್ಲ್ಯಾಕ್‌ಸೈಡ್’ ಎಂಬ ಸಂಸ್ಥೆ ಕಟ್ಟಿದರು. 1970ರ ದಶಕದ ಕೊನೆಗೆ ಒಂದು ಖಾಸಗಿ ಪ್ರಸಾರ ಸಂಸ್ಥೆಗಾಗಿ ಇದೇ ಕಥೆಯನ್ನು ಮಾಡಲು ಹೋದಾಗ ಯೋಜನೆ ನಡುವೆಯೇ ಮುರಿದುಬಿತ್ತು. ಮತ್ತೆ ಹಣ ಕೂಡಿಸಿ, ತಂಡ ಕಟ್ಟಿ, ಮೊದಲ ಆರು ಕಂತುಗಳನ್ನು ಪಿಬಿಎಸ್‌ಗೆ ತಲುಪಿಸುವ ಹೊತ್ತಿಗೆ 1987 ಬಂದಿತ್ತು. ಎರಡನೆಯ ಭಾಗದ ಎಂಟು ಕಂತುಗಳು 1990ರಲ್ಲಿ ಬಂದವು.

ಎರಡನೆಯ ಯತ್ನದಲ್ಲಿ ಹ್ಯಾಂಪ್ಟನ್ ಚಿತ್ರೀಕರಣಕ್ಕೆ ಮೊದಲು ಒಂದು ಶಾಲೆಯನ್ನೇ ನಡೆಸಿದರು. ಇತಿಹಾಸಕಾರರು, ಹೋರಾಟದಲ್ಲಿದ್ದವರು, ಪತ್ರಕರ್ತರು ಬಂದು ಇಡೀ ನಿರ್ಮಾಣ ತಂಡಕ್ಕೆ ಪಾಠ ಹೇಳಿದರು, ವಾದ ಮಾಡಿದರು. ಛಾಯಾಗ್ರಾಹಕ, ಸಂಕಲನಕಾರ, ಸಂಶೋಧಕ ಎಲ್ಲರೂ ವಿದ್ಯಾರ್ಥಿಗಳೇ. ನಿರ್ಮಾಪಕರ ಜೋಡಿಗಳಲ್ಲಿ ಒಬ್ಬರು ಕರಿಯರು, ಒಬ್ಬರು ಬಿಳಿಯರು ಇರುವಂತೆ ನೋಡಿಕೊಂಡರು. ಒಬ್ಬರಿಗೆ ಸಹಜವೆನಿಸಿದ್ದನ್ನು ಇನ್ನೊಬ್ಬರು ಪ್ರಶ್ನಿಸಲಿ ಎಂಬುದು ಉದ್ದೇಶ. ತೆರೆಯ ಮೇಲೆ ಮಾತಾಡುವವರು ಘಟನೆಯಲ್ಲಿ ಇದ್ದವರೇ ಆಗಿರಬೇಕು; ವಿದ್ವಾಂಸರ ಜಾಗ ತೆರೆಯ ಹಿಂದೆ ಎಂಬ ನಿಯಮವೂ ಇತ್ತು.

ಕರ್ನಾಟಕದ ಒಂದು ಸಣ್ಣ ತಂಡಕ್ಕೂ ಇದು ಸಾಧ್ಯ. ಹತ್ತಿರದ ವಿಶ್ವವಿದ್ಯಾಲಯದ ಇತಿಹಾಸ ವಿಭಾಗದವರು, ಆ ತಾಲೂಕಿನ ಸ್ಥಳೀಯ ಸಂಶೋಧಕರು, ಶಾಸನ ಓದಬಲ್ಲವರು ಒಂದು ವಾರ ಜೊತೆ ಕುಳಿತರೆ ಮುಂದಿನ ಎಷ್ಟೋ ತಿಂಗಳ ಅಲೆದಾಟ ತಪ್ಪುತ್ತದೆ. ಆದರೆ ಒಬ್ಬರೇ ವಿದ್ವಾಂಸರ ಮೇಲೆ ಪೂರ್ತಿ ಭಾರ ಹಾಕುವುದು ಅಪಾಯ. ಭಿನ್ನಾಭಿಪ್ರಾಯ ಇರುವ ಇಬ್ಬರನ್ನು ಒಂದೇ ಮೇಜಿಗೆ ಕರೆಯುವುದರಿಂದ ಸಿಗುವ ಲಾಭ, ಒಪ್ಪುವ ಹತ್ತು ಜನರನ್ನು ಕರೆದರೂ ಸಿಗುವುದಿಲ್ಲ. ಅವರಿಗೆ ಗೌರವಧನ ಕೊಡುವುದನ್ನು ಬಜೆಟ್ಟಿನಲ್ಲೇ ಬರೆದಿಡಬೇಕು. ಸಲಹೆಯನ್ನು ಪುಕ್ಕಟೆ ಪಡೆಯುವ ನಮ್ಮ ಅಭ್ಯಾಸ ಈ ಕ್ಷೇತ್ರಕ್ಕೆ ಬಹಳ ನಷ್ಟ ಮಾಡಿದೆ.

ಹಿರಿಯರ ಬಳಿಗೆ ಮೊದಲು

ಒಂದು ಕೆಲಸ ಮಾತ್ರ ಹಣ ಬರುವವರೆಗೆ ಕಾಯಬಾರದು. ಅದು ಸಾಕ್ಷಿಗಳ ಸಂದರ್ಶನ.

1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಗೋಲಿಬಾರ್ ಆಯಿತು. 1942ರಲ್ಲಿ ಶಿವಮೊಗ್ಗ ಜಿಲ್ಲೆಯ ಈಸೂರು ತಾನು ಸ್ವತಂತ್ರ ಎಂದು ಸಾರಿಕೊಂಡಿತು. ಇವನ್ನು ದೊಡ್ಡವರಾಗಿ ಕಂಡವರು ಈಗ ಸಿಗುವುದು ಹೆಚ್ಚುಕಡಿಮೆ ಅಸಾಧ್ಯ. 1956ರ ಏಕೀಕರಣದ ಹೊತ್ತಿಗೆ ಇಪ್ಪತ್ತರ ಹರೆಯದಲ್ಲಿದ್ದವರು ತೊಂಬತ್ತರ ಆಸುಪಾಸಿನಲ್ಲಿದ್ದಾರೆ. ಈ ಲೆಕ್ಕ ಹಾಕಿದರೆ ಯಾರ ಮನೆಗೆ ಯಾವಾಗ ಹೋಗಬೇಕು ಎಂಬುದು ತಾನೇ ತಿಳಿಯುತ್ತದೆ. ಕಥೆಯ ರೂಪರೇಷೆ ಸಿದ್ಧವಿಲ್ಲದಿದ್ದರೂ ಸರಿ, ಒಳ್ಳೆಯ ಮೈಕು ಹಿಡಿದು ಹೊರಡಬೇಕು.

ಯಾರನ್ನು ಮಾತಾಡಿಸುವುದು? ಐಸಾಕ್ಸ್ ತಂಡ ಹಿಟ್ಲರನ ಮಂತ್ರಿಯಾಗಿದ್ದ ಆಲ್ಬರ್ಟ್ ಸ್ಪೀರ್, ನೌಕಾಪಡೆಯ ಮುಖ್ಯಸ್ಥ ಕಾರ್ಲ್ ಡೋನಿಟ್ಜ್ ಅವರಂಥ ದೊಡ್ಡ ಹೆಸರುಗಳನ್ನು ಬಿಡಲಿಲ್ಲ. ಆದರೆ ಐಸಾಕ್ಸ್ ಹೆಚ್ಚು ಹಟದಿಂದ ಹುಡುಕಿಸಿದ್ದು ದೊಡ್ಡವರ ಪಕ್ಕದಲ್ಲಿದ್ದ ಸಹಾಯಕರನ್ನು ಮತ್ತು ಸಾಮಾನ್ಯರನ್ನು. ಹಿಟ್ಲರನ ಕಾರ್ಯದರ್ಶಿ ಟ್ರಾಡ್ಲ್ ಯುಂಗೆ, ಹಿಮ್ಲರನ ಆಪ್ತಾಧಿಕಾರಿ ಕಾರ್ಲ್ ವೋಲ್ಫ್ ಇಂಥವರನ್ನು ಪತ್ತೆ ಮಾಡಿ ಮಾತಿಗೆ ಒಪ್ಪಿಸುವುದು ಸಂಶೋಧಕರಿಗೆ ದೀರ್ಘ ತಪಸ್ಸೇ ಆಯಿತು. ಮುಂದಾಳುಗಳು ತಮ್ಮ ಕಥೆಯನ್ನು ನೂರಾರು ಸಲ ಹೇಳಿ ನಯಗೊಳಿಸಿಕೊಂಡಿರುತ್ತಾರೆ. ಬಾಗಿಲ ಬಳಿ ನಿಂತಿದ್ದವರು ಕಂಡದ್ದನ್ನು ಯಾರೂ ಕೇಳಿರುವುದಿಲ್ಲ. ‘ದಿ ವಿಯೆಟ್ನಾಂ ವಾರ್’ ಸರಣಿಯ ಸುಮಾರು 80 ಮಂದಿ ಸಾಕ್ಷಿಗಳಲ್ಲಿ ಉತ್ತರ ಮತ್ತು ದಕ್ಷಿಣ ವಿಯೆಟ್ನಾಂ ಎರಡೂ ಕಡೆಯ ಜನರಿದ್ದದ್ದು ಅದರ ತೂಕ ಹೆಚ್ಚಿಸಿತು. ನಮ್ಮಲ್ಲಿ ಚಳವಳಿಯ ನಾಯಕರ ಮಕ್ಕಳನ್ನು ಮಾತಾಡಿಸುವವರು ಅವರ ಕಾರು ಓಡಿಸಿದವರನ್ನು, ಕರಪತ್ರ ಅಚ್ಚು ಹಾಕಿದವರನ್ನು, ಜೈಲಿಗೆ ಬುತ್ತಿ ಒಯ್ದ ಹೆಣ್ಣುಮಕ್ಕಳನ್ನು ಕೇಳಿಯೇ ಇರುವುದಿಲ್ಲ.

ಸಂದರ್ಶನದ ಕೆಲವು ಪಾಠಗಳು ಎಲ್ಲ ಭಾಷೆಗೂ ಒಂದೇ. ಮೊದಲ ಭೇಟಿಯಲ್ಲಿ ಕ್ಯಾಮೆರಾ ಬೇಡ. ಎರಡನೆಯ ಭೇಟಿಯಲ್ಲಿ ‘ಆಗ ದೇಶದ ಪರಿಸ್ಥಿತಿ ಹೇಗಿತ್ತು’ ಎಂದು ಕೇಳಿದರೆ ಪಠ್ಯಪುಸ್ತಕದ ಉತ್ತರ ಬರುತ್ತದೆ. ‘ಆ ದಿನ ಬೆಳಿಗ್ಗೆ ನೀವು ಎಲ್ಲಿದ್ದಿರಿ, ಯಾರು ಬಂದು ಹೇಳಿದರು’ ಎಂದು ಕೇಳಬೇಕು. ಪ್ರಶ್ನೆ ಕೇಳುವವರ ದನಿ ಅಂತಿಮ ಪ್ರತಿಯಲ್ಲಿ ಇರುವುದಿಲ್ಲವಾದ್ದರಿಂದ ಉತ್ತರ ಪೂರ್ಣ ವಾಕ್ಯದಲ್ಲಿ ಬರುವಂತೆ ಮೊದಲೇ ವಿನಂತಿಸಬೇಕು. ಮಾತು ನಿಂತಾಗ ತಕ್ಷಣ ಮುಂದಿನ ಪ್ರಶ್ನೆ ಹಾಕಬಾರದು. ಅರ್ಧ ನಿಮಿಷದ ಮೌನದ ನಂತರವೇ ಅನೇಕರು ಮುಖ್ಯವಾದದ್ದನ್ನು ಹೇಳುತ್ತಾರೆ. ಒಪ್ಪಿಗೆ ಪತ್ರಕ್ಕೆ ಅಂದೇ ಸಹಿ ಆಗಲಿ, ಅದರಲ್ಲಿ ಬರೆದದ್ದನ್ನು ಅವರ ಮಾತಿನಲ್ಲೇ ವಿವರಿಸಿ ಹೇಳಲಿ. ಮನೆಯ ಟ್ರಂಕಿನಲ್ಲಿರುವ ಫೋಟೊ, ಕಾಗದ, ಪಾಸ್‌ಬುಕ್ಕುಗಳನ್ನು ಅಲ್ಲೇ ಸ್ಕ್ಯಾನ್ ಮಾಡಿ ಅಲ್ಲೇ ಹಿಂದಿರುಗಿಸಬೇಕು. ಒಯ್ದು ತರುತ್ತೇವೆಂದು ಹೇಳಿ ಕಳೆದ ಫೋಟೊಗಳಿಂದಾಗಿ ಎಷ್ಟೋ ಮನೆಗಳ ಬಾಗಿಲು ಮುಂದಿನವರಿಗೆ ಮುಚ್ಚಿಹೋಗಿವೆ.

ಭಾಷೆಯ ಬಗ್ಗೆಯೂ ಒಂದು ಮಾತು. ಧಾರವಾಡದ ಅಜ್ಜಿ, ಕುಂದಾಪುರದ ಮೀನುಗಾರ, ಬೀದರಿನ ಮಾಸ್ತರು ಮಾತಾಡುವ ಕನ್ನಡವನ್ನು ‘ಶುದ್ಧ’ಗೊಳಿಸಿ ಬೇರೆಯವರ ದನಿಯಲ್ಲಿ ಓದಿಸುವುದು ಸಾಕ್ಷಿಯನ್ನೇ ಅಳಿಸಿದಂತೆ. ತಿಳಿಯದು ಎನಿಸಿದರೆ ಅಡಿಬರಹ ಹಾಕಬಹುದು.

ನೆನಪು ತಪ್ಪುತ್ತದೆ ಎಂಬುದೂ ನಿಜ. ತಾರೀಖು ಅದಲುಬದಲಾಗುತ್ತದೆ, ಪತ್ರಿಕೆಯಲ್ಲಿ ಓದಿದ್ದು ಕಂಡದ್ದಾಗಿ ಬೆರೆಯುತ್ತದೆ. ಅದಕ್ಕೇ ಪ್ರತಿ ಸಂದರ್ಶನವನ್ನೂ ಟೈಮ್‌ಕೋಡ್ ಸಹಿತ ಅಕ್ಷರಕ್ಕಿಳಿಸಿ, ಅಂದಿನ ಪತ್ರಿಕೆ, ಪೊಲೀಸ್ ವರದಿ, ಕೋರ್ಟ್ ಕಡತಗಳ ಜೊತೆ ತಾಳೆ ನೋಡಬೇಕು. ಒಂದು ತಾಸಿನ ಮಾತನ್ನು ಬರೆದಿಳಿಸಲು ಒಂದಿಡೀ ದಿನ ಹೋದರೂ ಅದು ವ್ಯರ್ಥವಲ್ಲ. ಸಂಕಲನದ ಕಾಲದಲ್ಲಿ ತಂಡ ಬದುಕುವುದೇ ಆ ಕಾಗದಗಳ ಮೇಲೆ.

ಈ ಚಿತ್ರ ಯಾವುದರದು?

ಮೊದಲ ಮಹಾಯುದ್ಧದ ಸಾಕ್ಷ್ಯಚಿತ್ರ ನೋಡಿದವರೆಲ್ಲರ ಮನಸ್ಸಿನಲ್ಲಿ ನಿಂತ ಒಂದು ದೃಶ್ಯವಿದೆ. ಸೈನಿಕರು ಕಂದಕದಿಂದ ಮೇಲೆದ್ದು ನುಗ್ಗುತ್ತಾರೆ, ಒಬ್ಬ ಅಲ್ಲೇ ಜಾರಿ ಬೀಳುತ್ತಾನೆ. 1916ರ ‘ದಿ ಬ್ಯಾಟಲ್ ಆಫ್ ದಿ ಸೊಮ್’ ಚಿತ್ರದ ಆ ತುಣುಕನ್ನು ಯುದ್ಧರಂಗದ ಹಿಂದೆ, ತರಬೇತಿಯ ಜಾಗದಲ್ಲಿ ನಟಿಸಿ ತೆಗೆದದ್ದು ಎಂದು ಸಂಶೋಧಕರು ತೀರ್ಮಾನಿಸಿದ್ದಾರೆ. ಅದೇ ಚಿತ್ರದ ಬಹುಪಾಲು ದೃಶ್ಯಗಳು ಅಸಲಿ.

1964ರಲ್ಲಿ ಬಿಬಿಸಿ ‘ದಿ ಗ್ರೇಟ್ ವಾರ್’ ಎಂಬ 26 ಕಂತುಗಳ ಸರಣಿ ಮಾಡಿದಾಗ, ಅಸಲಿ ತುಣುಕುಗಳನ್ನೂ ನಟಿಸಿ ತೆಗೆದವನ್ನೂ ಬೇರ್ಪಡಿಸದೆ ಬಳಸಿದ್ದಕ್ಕೆ ಫ್ರಾಂಕ್ಲಂಡ್ ಆಕ್ಷೇಪ ಎತ್ತಿದ್ದರು. ಆ ಕಹಿ ಅನುಭವದಿಂದಲೇ ‘ದಿ ವರ್ಲ್ಡ್ ಅಟ್ ವಾರ್’ ಹೊತ್ತಿಗೆ ಶಿಸ್ತು ಬಿಗಿಯಾಯಿತು. ತಂಡದಲ್ಲಿದ್ದ ಜೆರ್ರಿ ಕೂಲ್, ತೋರಿಸುವ ತುಣುಕು ತಾನು ಹೇಳಿಕೊಳ್ಳುವ ಜಾಗದ್ದೇ, ಕಾಲದ್ದೇ ಆಗಿರಬೇಕು ಎಂಬ ಹಟಕ್ಕೆ ಹೆಸರಾದವರು. ಯಾವುದೋ ರೈಲು, ಯಾವುದೋ ಟ್ಯಾಂಕು, ಯಾವುದೋ ಗುಂಪು ತೋರಿಸಿ ನಿರೂಪಣೆಯನ್ನು ಮೇಲೆ ಹಾಸುವುದು ಸುಲಭ. ಪ್ರೇಕ್ಷಕರಿಗೆ ಪತ್ತೆಯಾಗದಿರಬಹುದು, ಆದರೆ ಆ ತುಣುಕು ಮುಂದಿನ ಹತ್ತು ಸರಣಿಗಳಿಗೆ ‘ದಾಖಲೆ’ಯಾಗಿ ಹರಡುತ್ತದೆ. ವಾಟ್ಸ್‌ಆ್ಯಪ್ ಕಾಲದಲ್ಲಿ ಈ ಹಾನಿಗೆ ಮಿತಿಯೇ ಇಲ್ಲ. ಈಗಂತೂ ಕೃತಕ ಬುದ್ಧಿಮತ್ತೆಯಿಂದ ಹಳೆಯ ಕಾಲದ ‘ಫೋಟೊ’ ಸೃಷ್ಟಿಸುವುದು ಕ್ಷಣದ ಕೆಲಸ. ಅಂಥದ್ದನ್ನು ಬಳಸಲೇಬೇಕಾದರೆ ಇದು ಕಲ್ಪನೆ ಎಂದು ಅದೇ ಚೌಕಟ್ಟಿನಲ್ಲಿ, ಓದಲು ಬರುವಷ್ಟು ದೊಡ್ಡ ಅಕ್ಷರದಲ್ಲಿ ಬರೆಯುವುದು ಕನಿಷ್ಠ ಪ್ರಾಮಾಣಿಕತೆ.

ಕೆಲಸದ ಕ್ರಮ ಸರಳ, ಆದರೆ ಬೇಸರವಿಲ್ಲದೆ ಮಾಡಬೇಕು. ದೊರೆತ ಪ್ರತಿ ಚಿತ್ರಕ್ಕೂ, ತುಣುಕಿಗೂ ಒಂದು ಸಂಖ್ಯೆ. ಎಲ್ಲಿಂದ ಬಂತು, ಯಾರು ತೆಗೆದದ್ದು, ಯಾವಾಗ, ಯಾವ ಜಾಗ, ಈ ಮಾಹಿತಿಗೆ ಆಧಾರವೇನು, ಹಕ್ಕು ಯಾರದು, ಇಷ್ಟೂ ಒಂದೇ ಸ್ಪ್ರೆಡ್‌ಶೀಟಿನಲ್ಲಿ. ಮೊದಲ ದಿನವೇ ಇದನ್ನು ತೆರೆಯದವರು ಮೂರನೆಯ ವರ್ಷದಲ್ಲಿ ಹಾರ್ಡ್ ಡಿಸ್ಕುಗಳ ರಾಶಿಯ ಮುಂದೆ ಕಂಗಾಲಾಗುತ್ತಾರೆ.

ಹುಡುಕಲು ಜಾಗಗಳು ಬಹಳ. ವಿಧಾನಸೌಧದಲ್ಲಿರುವ ಕರ್ನಾಟಕ ರಾಜ್ಯ ಪತ್ರಾಗಾರ ಮೈಸೂರು ಸಂಸ್ಥಾನದ ಕಡತಗಳ ಕಣಜ. ದೆಹಲಿಯ ರಾಷ್ಟ್ರೀಯ ಪತ್ರಾಗಾರದ ‘ಅಭಿಲೇಖ್ ಪಟಲ್’ ತಾಣದಲ್ಲಿ ಮನೆಯಲ್ಲೇ ಕುಳಿತು ಕಡತ ಹುಡುಕಬಹುದು. ಪುಣೆಯಲ್ಲಿ 1964ರಲ್ಲಿ ಆರಂಭವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವಿದೆ. 1948ರಿಂದ ಸುದ್ದಿಚಿತ್ರಗಳನ್ನು ತೆಗೆದ ಫಿಲ್ಮ್ಸ್ ಡಿವಿಜನ್‌ನ ಭಂಡಾರ ಈಗ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದ (ಎನ್‌ಎಫ್‌ಡಿಸಿ) ಅಡಿಯಲ್ಲಿದೆ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳು, ಕೇಂಬ್ರಿಡ್ಜಿನ ದಕ್ಷಿಣ ಏಷ್ಯಾ ಅಧ್ಯಯನ ಕೇಂದ್ರದಲ್ಲಿರುವ ಬ್ರಿಟಿಷ್ ಅಧಿಕಾರಿ ಕುಟುಂಬಗಳ ಹವ್ಯಾಸಿ ಚಿತ್ರಗಳು, ಬ್ರಿಟಿಷ್ ಪಾಥೆಯ ಸುದ್ದಿಚಿತ್ರಗಳು ಇವುಗಳಲ್ಲಿ ಅನೇಕವನ್ನು ಅಂತರ್ಜಾಲದಲ್ಲೇ ನೋಡಬಹುದು. ಕ್ಯಾಟಲಾಗಿನಲ್ಲಿ ಹುಡುಕುವಾಗ ಹಳೆಯ ಇಂಗ್ಲಿಷ್ ಕಾಗುಣಿತಗಳನ್ನೆಲ್ಲ ಪ್ರಯತ್ನಿಸಬೇಕು. ಬ್ರಿಟಿಷ್ ಗುಮಾಸ್ತರು ಶ್ರೀರಂಗಪಟ್ಟಣವನ್ನು ಸೆರಿಂಗಪಟಂ ಎಂದೂ ಮಡಿಕೇರಿಯನ್ನು ಮರ್ಕರಾ ಎಂದೂ ಬರೆದಿದ್ದಾರೆ.

ಕ್ಯಾಮೆರಾ ಹುಟ್ಟುವ ಮೊದಲು

ಕನ್ನಡ ನಾಡಿನ ಚರಿತ್ರೆಯ ಬಹುಪಾಲಿಗೆ ಫೋಟೊಗಳೇ ಇಲ್ಲ. ಇದು ಕೊರತೆಯೆನಿಸಿದರೂ ದಾರಿಗಳಿವೆ. ಬರ್ನ್ಸ್ ತಂಡವೂ 2025ರ ನವೆಂಬರ್‌ನಲ್ಲಿ ಬಂದ ಆರು ಕಂತುಗಳ ‘ದಿ ಅಮೆರಿಕನ್ ರೆವಲ್ಯೂಷನ್’ ಸರಣಿಯಲ್ಲಿ ಇದೇ ಸಮಸ್ಯೆ ಎದುರಿಸಿತು. ಹದಿನೆಂಟನೆಯ ಶತಮಾನದ ಯುದ್ಧಕ್ಕೆ ಫೋಟೊ ಎಲ್ಲಿಂದ ಬರಬೇಕು? ನಕ್ಷೆ, ವರ್ಣಚಿತ್ರ, ಕಾಗದಪತ್ರ, ಆ ಕಾಲದ ವೇಷದಲ್ಲಿ ಯುದ್ಧ ಅಭಿನಯಿಸುವವರ ದೃಶ್ಯ ಇವನ್ನು ಅದು ಬಳಸಿಕೊಂಡಿತು.

ಹಂಪಿಯ ಉದಾಹರಣೆ ನೋಡಬಹುದು. ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಬ್ರಿಟಿಷ್ ಸೈನ್ಯಾಧಿಕಾರಿ 1856ರಲ್ಲಿ ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಅಲ್ಲಿನ ಸ್ಮಾರಕಗಳ ಚಿತ್ರ ತೆಗೆದ. ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಆಗ ಇಟ್ಟಿಗೆಯ ಗೋಪುರ ಇತ್ತೆಂಬುದು ಆ ಚಿತ್ರದಲ್ಲಿ ಸ್ಪಷ್ಟ. ಇಂದಿನ ಪ್ರವಾಸಿ ಕಾಣುವ ರಥಕ್ಕೆ ಅದಿಲ್ಲ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಗ್ರೀನ್‌ಲಾ ನಿಂತ ಜಾಗಗಳಲ್ಲೇ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಒಂದು ಕಂತಿನ ಆರಂಭವೇ ಸಿದ್ಧ. ನಟರೂ ಬೇಡ, ಗ್ರಾಫಿಕ್ಸೂ ಬೇಡ.

1565ರ ತಾಳಿಕೋಟೆ ಯುದ್ಧಕ್ಕೆ ಬಂದರೆ ಇನ್ನೊಂದು ಬಗೆಯ ಎಚ್ಚರ ಬೇಕು. ಅಳಿಯ ರಾಮರಾಯನ ಶಿರಚ್ಛೇದದ ಪ್ರಸಿದ್ಧ ಚಿತ್ರ ಇರುವುದು ಅಹಮದ್‌ನಗರದ ಹುಸೇನ್ ನಿಜಾಮ್ ಷಾನನ್ನು ಹೊಗಳುವ ‘ತಾರೀಫ್-ಇ-ಹುಸೇನ್ ಷಾಹಿ’ ಹಸ್ತಪ್ರತಿಯಲ್ಲಿ. ಗೆದ್ದವರ ಆಸ್ಥಾನದಲ್ಲಿ ಬರೆಸಿದ ಚಿತ್ರ ಅದು ಎಂಬುದನ್ನು ಹೇಳದೆ ತೋರಿಸಿದರೆ ಪ್ರೇಕ್ಷಕ ಅದನ್ನು ಕಣ್ಣಾರೆ ಕಂಡ ವರದಿ ಎಂದುಕೊಳ್ಳುತ್ತಾನೆ. ಹಾಗೆಯೇ ಪೋರ್ಚುಗೀಸರಾದ ಪಾಯೆಸ್ ಮತ್ತು ನೂನಿಜ್ ಬರೆದ ವಿಜಯನಗರದ ವರ್ಣನೆಗಳು ಅಮೂಲ್ಯವಾದರೂ ಅವು ವ್ಯಾಪಾರದ ಕಣ್ಣಿನಿಂದ ಕಂಡ ನಗರ.

ಶಾಸನಗಳಿಗಿಂತ ದೊಡ್ಡ ಆಸ್ತಿ ಕನ್ನಡ ಸರಣಿಕಾರರಿಗೆ ಮತ್ತೊಂದಿಲ್ಲ. ಬಿ.ಎಲ್. ರೈಸ್ ಆರಂಭಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳು ಊರೂರಿನ ಕಲ್ಲುಗಳನ್ನು ಓದಿಕೊಟ್ಟಿವೆ. 1909ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಮಿಥಿಕ್ ಸೊಸೈಟಿ ಇತ್ತೀಚಿನ ವರ್ಷಗಳಲ್ಲಿ ಬೆಂಗಳೂರು ಭಾಗದ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನ್ ಮಾಡುತ್ತಿದೆ. ಬಿಸಿಲಿನಲ್ಲಿ ಕಣ್ಣಿಗೆ ಕಾಣದ ಅಕ್ಷರ ಆ ಸ್ಕ್ಯಾನಿನಲ್ಲಿ ಎದ್ದು ನಿಲ್ಲುತ್ತದೆ. ತೆರೆಯ ಮೇಲೆ ಇದರಷ್ಟು ಚೆಂದದ ದೃಶ್ಯ ಬೇರೆ ಬೇಕೆ?

ಸ್ಥಳದಲ್ಲಿ ಚಿತ್ರೀಕರಣಕ್ಕೆ ಅನುಮತಿ ಬೇಗ ಕೇಳಬೇಕು, ಸರಿಯಾದ ಕಡೆ ಕೇಳಬೇಕು. ಒಂದೇ ಊರಿನಲ್ಲಿ ಒಂದು ಗುಡಿ ಕೇಂದ್ರದ ಪುರಾತತ್ವ ಸರ್ವೇಕ್ಷಣದ್ದು, ಪಕ್ಕದ್ದು ರಾಜ್ಯ ಪುರಾತತ್ವ ಇಲಾಖೆಯದು, ಪೂಜೆ ನಡೆಯುವುದು ಮುಜರಾಯಿ ಅಡಿ ಇರಬಹುದು. ಡ್ರೋನ್ ಹಾರಿಸುವುದಾದರೆ 2021ರ ಡ್ರೋನ್ ನಿಯಮಗಳ ಪ್ರಕಾರ ಆ ಪ್ರದೇಶ ಹಸಿರು, ಹಳದಿ, ಕೆಂಪು ಯಾವ ವಲಯದಲ್ಲಿದೆ ಎಂದು ಡಿಜಿಟಲ್ ಸ್ಕೈ ತಾಣದಲ್ಲಿ ನೋಡಿಕೊಳ್ಳಬೇಕು. ಸ್ಮಾರಕದ ಅನುಮತಿ ಅದಕ್ಕೆ ಪ್ರತ್ಯೇಕ.

ಹಕ್ಕು ಮುಗಿದರೆ ಸರಣಿಯೂ ಮುಗಿದಂತೆ

‘ಐಸ್ ಆನ್ ದಿ ಪ್ರೈಸ್’ಗೆ ಮತ್ತೆ ಬರಬೇಕು. ಅಷ್ಟು ಪ್ರಶಸ್ತಿ, ಅಷ್ಟು ಮನ್ನಣೆ ಪಡೆದ ಸರಣಿ 1990ರ ದಶಕದ ನಡುವಿನಿಂದ ಪ್ರಸಾರಕ್ಕೂ ಹೊಸ ಮಾರಾಟಕ್ಕೂ ಸಿಗದಂತಾಯಿತು. ಹಣದ ಮುಗ್ಗಟ್ಟಿನಲ್ಲಿದ್ದ ತಂಡ ಸುದ್ದಿ ತುಣುಕು, ಫೋಟೊ, ಹಾಡುಗಳ ಹಕ್ಕನ್ನು ಕೆಲವೇ ವರ್ಷದ ಮಟ್ಟಿಗೆ ಪಡೆದಿತ್ತು. ಅವಧಿ ಮುಗಿದ ಮೇಲೆ ಒಂದೊಂದನ್ನೂ ಹೊಸದಾಗಿ ಕೊಳ್ಳಬೇಕು. ಮಾರ್ಟಿನ್ ಲೂಥರ್ ಕಿಂಗ್‌ಗೆ ಸಂಗಡಿಗರು ಹುಟ್ಟುಹಬ್ಬದ ಹಾಡು ಹಾಡುವ ಪುಟ್ಟ ದೃಶ್ಯಕ್ಕೂ ಹಕ್ಕಿನ ತೊಡಕು ಇತ್ತು. ಹ್ಯಾಂಪ್ಟನ್ 1998ರಲ್ಲಿ ತೀರಿಕೊಂಡರು. ಕೊನೆಗೆ ಫೋರ್ಡ್ ಫೌಂಡೇಷನ್ ಸುಮಾರು 6 ಲಕ್ಷ ಡಾಲರ್, ದಾನಿ ರಿಚರ್ಡ್ ಗಿಲ್ಡರ್ 2.5 ಲಕ್ಷ ಡಾಲರ್ ಕೊಟ್ಟ ನಂತರ 2006ರಲ್ಲಿ ಅದು ಪಿಬಿಎಸ್‌ನಲ್ಲಿ ಮರಳಿ ಕಾಣಿಸಿತು. ಒಂದು ತಲೆಮಾರಿನ ಶಾಲಾ ಮಕ್ಕಳಿಗೆ ಹೊಸ ಪ್ರತಿ ಸಿಗದೇ ಹೋಯಿತು.

ಭಾರತದಲ್ಲಿ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಸಿನಿಮಾ ಮತ್ತು ಧ್ವನಿಮುದ್ರಣಕ್ಕೆ ಪ್ರಕಟವಾದ ನಂತರ 60 ವರ್ಷ ರಕ್ಷಣೆ. ಸಾಹಿತ್ಯ ಕೃತಿಗೆ ಲೇಖಕರ ಮರಣದ ನಂತರ 60 ವರ್ಷ. 2012ರ ತಿದ್ದುಪಡಿಯ ಮೇಲೆ ಫೋಟೊಗಳಿಗೂ ಛಾಯಾಗ್ರಾಹಕರ ಜೀವಿತಾವಧಿ ಮತ್ತು ನಂತರದ 60 ವರ್ಷದ ಲೆಕ್ಕ ಬಂದಿದೆ. ಆಲ್ಬಂ ಮನೆಯಲ್ಲಿದೆ ಎಂದ ಮಾತ್ರಕ್ಕೆ ಹಕ್ಕೂ ಆ ಮನೆಯವರದೇ ಆಗಿರಬೇಕೆಂದಿಲ್ಲ. ಸ್ಟುಡಿಯೊದವರು ತೆಗೆದದ್ದಾದರೆ ವಿಚಾರಿಸಬೇಕು. ಯೂಟ್ಯೂಬಿನಲ್ಲಿ ಸಿಕ್ಕಿತು ಎಂಬುದು ಉತ್ತರವೇ ಅಲ್ಲ. ಕೊಳ್ಳುವಾಗ ಎಷ್ಟು ವರ್ಷ, ಯಾವ ದೇಶಗಳು, ಟಿವಿ ಮಾತ್ರವೋ ಒಟಿಟಿ ಮತ್ತು ಶಿಕ್ಷಣ ಬಳಕೆಯೂ ಸೇರಿದೆಯೋ ಎಂಬ ಮೂರು ಸಂಗತಿ ಬರಹದಲ್ಲಿರಬೇಕು. ಹಣ ಕಡಿಮೆಯಿದ್ದರೆ ಹತ್ತು ತುಣುಕನ್ನು ಐದು ವರ್ಷಕ್ಕೆ ಕೊಳ್ಳುವ ಬದಲು ನಾಲ್ಕನ್ನು ಶಾಶ್ವತವಾಗಿ ಕೊಳ್ಳುವುದು ಜಾಣತನ.

ಸಂಕಲನದ ಕೋಣೆ

ಬರ್ನ್ಸ್ ತಂಡ ‘ದಿ ಸಿವಿಲ್ ವಾರ್’ಗಾಗಿ ಸುಮಾರು 16,000 ಹಳೆಯ ಚಿತ್ರ, ಪತ್ರಿಕೆ, ದಾಖಲೆಗಳನ್ನು ಕ್ಯಾಮೆರಾದಲ್ಲಿ ಹಿಡಿಯಿತು. ಒಂದು ಫೋಟೊದ ಮೂಲೆಯಿಂದ ಮುಖಕ್ಕೆ, ಮುಖದಿಂದ ಕೈಗೆ ನಿಧಾನ ಚಲಿಸುವ ಆ ರೀತಿ ಎಷ್ಟು ಪ್ರಸಿದ್ಧವಾಯಿತೆಂದರೆ ಆ್ಯಪಲ್ ಕಂಪನಿ ತನ್ನ ಸಂಕಲನ ತಂತ್ರಾಂಶದಲ್ಲಿ ಅದಕ್ಕೆ ಬರ್ನ್ಸ್ ಹೆಸರನ್ನೇ ಇಟ್ಟಿತು. ಆದರೆ ಗುಂಡಿ ಒತ್ತಿದರೆ ಬರುವುದು ಚಲನೆ ಮಾತ್ರ. ಯಾವ ಮುಖದ ಮೇಲೆ, ಯಾವ ಮಾತಿನ ಹೊತ್ತಿಗೆ, ಎಷ್ಟು ಕ್ಷಣ ನಿಲ್ಲಬೇಕು ಎಂಬುದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ.

ನಿರೂಪಣೆ ಬರೆದು ಮುಗಿಸಿ ಅದರ ಮೇಲೆ ಚಿತ್ರ ಹಚ್ಚುವ ಕ್ರಮಕ್ಕಿಂತ ಎರಡನ್ನೂ ಒಟ್ಟಿಗೆ ತಿದ್ದುತ್ತ ಹೋಗುವುದೇ ಮೇಲು. ನಲವತ್ತು ನಿಮಿಷದ ಕಂತಿನ ಮೊದಲ ರಫ್ ಕಟ್ ಎರಡು ತಾಸು ಇದ್ದರೆ ಗಾಬರಿಯಾಗಬೇಕಿಲ್ಲ. ಚಿತ್ರ ತೋರಿಸಿದ್ದನ್ನು ಮಾತು ಮತ್ತೆ ಹೇಳುತ್ತಿದೆಯೇ ಎಂದು ನೋಡಿ ಮಾತನ್ನು ಕತ್ತರಿಸಬೇಕು.

‘ದಿ ಸಿವಿಲ್ ವಾರ್’ ಸರಣಿಯ ಎದೆಮುಟ್ಟುವ ಭಾಗ ಸಲಿವನ್ ಬಲೂ ಎಂಬ ಅಧಿಕಾರಿ 1861ರ ಜುಲೈ 14ರಂದು ಹೆಂಡತಿಗೆ ಬರೆದ ಪತ್ರ. ಒಂದು ವಾರದಲ್ಲೇ ಮೊದಲ ಬುಲ್ ರನ್ ಕಾಳಗದಲ್ಲಿ ಮಾರಣಾಂತಿಕವಾಗಿ ಗಾಯಗೊಂಡ. ಆದರೆ ಪತ್ರದ ಮೂಲಪ್ರತಿ ಸಿಕ್ಕಿಲ್ಲ. ಇರುವ ನಕಲುಗಳಲ್ಲಿ ಪಾಠಭೇದಗಳಿವೆ. ಹಿನ್ನೆಲೆಯ ಪಿಟೀಲು ರಾಗ ‘ಅಶೋಕನ್ ಫೇರ್‌ವೆಲ್’ ಯುದ್ಧಕಾಲದ್ದೆಂದು ಬಹಳ ಮಂದಿ ನಂಬಿದ್ದರು. ಅದು ಜೇ ಉಂಗರ್ 1982ರಲ್ಲಿ ಕಟ್ಟಿದ್ದು. ಹೊಸ ರಾಗ ಬಳಸುವುದು ತಪ್ಪಲ್ಲ, ಆದರೆ ಸಂಗೀತ ಎಷ್ಟು ಸುಲಭವಾಗಿ ಸಾಕ್ಷ್ಯದ ವೇಷ ತೊಡುತ್ತದೆ ಎಂಬುದನ್ನು ಸಂಕಲನಕಾರ ಮರೆಯಬಾರದು. ಟೀಕೆಯೂ ಬಂತು. ಲೇಖಕ ಶೆಲ್ಬಿ ಫೂಟ್ ಅವರ ಸೊಗಸಾದ ಮಾತು ತೆರೆಯನ್ನು ತುಂಬಿ, ಗುಲಾಮಗಿರಿಯ ಬಗ್ಗೆ ನಿಷ್ಠುರವಾಗಿ ಮಾತಾಡಿದ ಇತಿಹಾಸಕಾರ್ತಿ ಬಾರ್ಬರಾ ಫೀಲ್ಡ್ಸ್‌ಗೆ ತೀರ ಕಡಿಮೆ ಹೊತ್ತು ಸಿಕ್ಕಿತೆಂಬುದು ಅದರಲ್ಲಿ ಮುಖ್ಯ. 1996ರಲ್ಲಿ ಇತಿಹಾಸಕಾರರ ಪ್ರತಿಕ್ರಿಯೆಗಳ ಒಂದು ಇಡೀ ಪುಸ್ತಕವೇ ಬಂತು. ರಫ್ ಕಟ್ ಹಂತದಲ್ಲಿ ಯಾರಿಗೆ ಎಷ್ಟು ನಿಮಿಷ ಎಂದು ಎಣಿಸಿ ನೋಡುವುದು ಕಷ್ಟವೇನಲ್ಲ. ನಮ್ಮ ಸರಣಿಗಳಲ್ಲಿ ಗಂಡಸರು, ಮೇಲ್ಜಾತಿಯವರು, ಬೆಂಗಳೂರಿನವರು ಎಷ್ಟು ಹೊತ್ತು ಮಾತಾಡುತ್ತಾರೆಂದು ಲೆಕ್ಕ ಹಾಕಿದರೆ ತಂಡಕ್ಕೆ ತಾನು ಇನ್ನೂ ಎಲ್ಲಿ ಹೋಗಬೇಕೆಂಬುದು ಗೊತ್ತಾಗುತ್ತದೆ.

ಹಾಗಾದರೆ ಒಂದು ಸಣ್ಣ ತಂಡ ಎಷ್ಟು ಕಾಲ ಇಟ್ಟುಕೊಳ್ಳಬೇಕು? ನಲವತ್ತು ನಿಮಿಷದ ನಾಲ್ಕು ಕಂತುಗಳ ಕನ್ನಡ ಸರಣಿಗೆ ಎರಡೂವರೆಯಿಂದ ಮೂರು ವರ್ಷ ನ್ಯಾಯವಾದ ಅಂದಾಜು: ಒಂದು ವರ್ಷ ಓದು, ಸಂದರ್ಶನ, ಸಂಗ್ರಹ, ಮೂರು ನಾಲ್ಕು ತಿಂಗಳು ಸ್ಥಳ ಚಿತ್ರೀಕರಣ, ಅದೂ ಮಳೆ ಮತ್ತು ಚಳಿ ಎರಡೂ ಋತುಗಳಲ್ಲಿ ಹರಡಿ, ಸಂಕಲನಕ್ಕೆ ಒಂದು ವರ್ಷ, ಉಳಿದದ್ದು ಸತ್ಯಶೋಧನೆ, ಹಕ್ಕು, ಧ್ವನಿ, ಬಣ್ಣ. ಸತ್ಯಶೋಧನೆ ಎಂದರೆ ನಿರೂಪಣೆಯ ಪ್ರತಿ ವಾಕ್ಯದ ಪಕ್ಕ ಅದರ ಆಧಾರವನ್ನು ಬರೆದು, ತಂಡದ ಹೊರಗಿನವರಿಂದ ಪರೀಕ್ಷೆ ಮಾಡಿಸುವುದು. ಹಣ ಪೂರ್ತಿ ಇಲ್ಲದಿದ್ದರೆ ಒಂದು ಕಂತನ್ನು ಅಚ್ಚುಕಟ್ಟಾಗಿ ಮುಗಿಸಿ, ಅದನ್ನು ತೋರಿಸಿ ಉಳಿದದ್ದಕ್ಕೆ ಕೇಳುವುದು ಒಳ್ಳೆಯ ದಾರಿ.

ತೆರೆಗೆ ಬಾರದ ಮಾತು

ಪ್ರಸಾರವಾದ ದಿನ ಕೆಲಸ ಮುಗಿಯುವುದಿಲ್ಲ. ಎರಡು ತಾಸು ಮಾತಾಡಿದ ಹಿರಿಯರಿಂದ ತೆರೆಗೆ ಬಂದದ್ದು ಎರಡು ನಿಮಿಷ. ಉಳಿದದ್ದು ಎಲ್ಲಿಗೆ? ಹ್ಯಾಂಪ್ಟನ್ ಸಂಗ್ರಹ ಈಗ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿದ್ದು, ಸಂದರ್ಶನಗಳ ಪೂರ್ಣ ಪಾಠವನ್ನು ಯಾರು ಬೇಕಾದರೂ ಓದಬಹುದು. ‘ದಿ ವರ್ಲ್ಡ್ ಅಟ್ ವಾರ್’ ಸಂದರ್ಶನಗಳು ಇಂಪೀರಿಯಲ್ ವಾರ್ ಮ್ಯೂಸಿಯಂ ಸೇರಿದವು. ಇತಿಹಾಸಕಾರ ರಿಚರ್ಡ್ ಹೋಮ್ಸ್ ಅವನ್ನು ಆಧರಿಸಿ 2007ರಲ್ಲಿ, ಅಂದರೆ ಸರಣಿ ಬಂದು ಮೂವತ್ತಕ್ಕೂ ಹೆಚ್ಚು ವರ್ಷಗಳಾದ ಮೇಲೆ, ದೊಡ್ಡ ಮೌಖಿಕ ಇತಿಹಾಸ ಗ್ರಂಥವನ್ನು ಸಂಪಾದಿಸಿದರು. ಕನ್ನಡದ ತಂಡಗಳೂ ಕತ್ತರಿಸದ ಸಂದರ್ಶನಗಳನ್ನು ಮೂರು ಪ್ರತಿ ಮಾಡಿ, ಒಂದನ್ನು ಬೇರೆ ಊರಿನಲ್ಲಿಟ್ಟು, ಮಾತಾಡಿದವರ ಒಪ್ಪಿಗೆ ಪತ್ರ ಮತ್ತು ಬರೆದಿಳಿಸಿದ ಪಾಠದ ಸಹಿತ ಒಂದು ವಿಶ್ವವಿದ್ಯಾಲಯಕ್ಕೋ ಪತ್ರಾಗಾರಕ್ಕೋ ಒಪ್ಪಿಸಬಹುದು. ಮಾತಾಡಿದವರ ಮನೆಗೂ ಪೂರ್ತಿ ಸಂದರ್ಶನದ ಒಂದು ಪ್ರತಿ ಪೆನ್‌ಡ್ರೈವಿನಲ್ಲಿ ತಲುಪಬೇಕು. ಇದರ ಖರ್ಚನ್ನೂ ಮೊದಲ ಬಜೆಟ್ಟಿನಲ್ಲೇ ಸೇರಿಸಬೇಕು, ಯಾಕೆಂದರೆ ಪ್ರಸಾರ ಮುಗಿದ ಮೇಲೆ ಇದಕ್ಕೆಂದು ಹಣ ಕೊಡುವವರು ಸಿಗುವುದು ಕಷ್ಟ.